ಪೆಟ್ಟು ಬಿದ್ದ ತಲೆಗೆ ಕೇಳುವ ಪ್ರಶ್ನೆಗಳು

ಕ್ಲಾಕ್ಸ್‌ವಿಕ್, ಫರೋ ದ್ವೀಪಗಳು
ಮಾರ್ಚ್ ೮, ಭಾನುವಾರ

ಪ್ರೀತಿಯ ಹಾನುಸ್,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಗಾಳಿಗೆ ಒಣಗಿಸಿದ ಕುರಿಮಾಂಸ ಕಳಿಸಿದ್ದೆನಲ್ಲ, ನೀನು ತಿಂದೆಯೋ, ಇಲ್ಲ ಹಡಗಿನವರಿಗೆಲ್ಲ ಹಂಚಿ ದೊಡ್ಡ ಮನುಷ್ಯ ಅನ್ನಿಸಿಕೊಂಡೆಯೋ? ನಾನು ಕ್ಷೇಮ ಅಂತ ಬರೆಯಬೇಕು, ಆದರೆ ಸಾಕಾಗಿಹೋಗಿದೆ. ಫೋನಿನಲ್ಲಿ ಬೈದರೆ ನಿನಗೆ ತಕ್ಷಣ ಸಿಗ್ನಲ್ ಹೋಗುತ್ತದೆ. ಅದಕ್ಕೇ ನಿಮ್ಮ ಹಡಗಿಗೆ ಹೊರಟಿರುವ ಹೊಸ ಅಡುಗೆಯವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಈ ಚಳಿಗಾಲವೆಲ್ಲ ಶಾಲೆಯ ವ್ಯಾಯಾಮದ ತರಗತಿಯಲ್ಲಿ ಆಟದ ಗಾಯಗಳಿಗೆ ಪ್ರಥಮ ಚಿಕಿತ್ಸೆ ಕಲಿಸುತ್ತಿದ್ದೇನೆ. ಉಳುಕಿದ ಕಾಲಿಗೆ ಬ್ಯಾಂಡೇಜು ಸುತ್ತಿ ಅಂದರೆ ಹುಡುಗರು ಗೆಳೆಯನನ್ನೇ ಇಡಿಯಾಗಿ ಸುತ್ತಿ ಬಾಗಿಲಿಗೆ ಒರಗಿಸಿದರು. ಐಸ್ ಚೀಲ ಎಲ್ಲಿ ಅಂತ ಹುಡುಕಿದರೆ ಅದು ನನ್ನ ಕುರ್ಚಿಯ ಮೇಲಿತ್ತು, ಕೂತ ಮೇಲೆ ಗೊತ್ತಾಯಿತು. ನಮ್ಮ ಮರ್ಜುನ್ ಒಬ್ಬಳೇ ಕಿವಿಗೊಟ್ಟು ಕೇಳಿದ್ದು. ತಲೆಗೆ ಪೆಟ್ಟು ಬಿದ್ದವರನ್ನು ಕೇಳುವ ಪ್ರಶ್ನೆಗಳಿವೆಯಲ್ಲ: ಎಲ್ಲಿ ಆಡುತ್ತಿದ್ದೇವೆ, ಮೊದಲರ್ಧವೋ ಎರಡನೆಯದೋ, ಕೊನೆಯ ಗೋಲು ಯಾರದು, ಹೋದ ವಾರ ಗೆದ್ದೆವೋ ಸೋತೆವೋ. ಉತ್ತರ ತಡವರಿಸಿದರೆ ಅಲ್ಲಿಗೆ ಆಟ ಬಿಟ್ಟು ಹೊರಗೆ. ಎಲ್ಲವನ್ನೂ ಅವಳು ಬರೆದುಕೊಂಡಳು. ನನ್ನ ಮಗಳು ಅಂತ ಎಷ್ಟು ಬೀಗಿದೆ ಗೊತ್ತಾ!

ನಿನ್ನೆ ಹ್ಯಾಂಡ್‌ಬಾಲ್ ಸೆಮಿಫೈನಲ್. ಎರಡನೇ ಅರ್ಧದಲ್ಲಿ ಎದುರಾಳಿಯ ಮೊಣಕೈ ಕಿವಿಯ ಮೇಲೆ ಬಡಿದು ಮರ್ಜುನ್ ದೊಪ್ಪನೆ ಬಿದ್ದಳು. ಓಡಿಹೋದೆ. "ಏನೂ ಆಗಿಲ್ಲಮ್ಮ, ಎಲ್ರ ಮುಂದೆ ಮಾನ ಕಳೀಬೇಡ" ಅಂದಳು. ಗಾಬರಿಯಲ್ಲಿ ನನ್ನ ಪ್ರಶ್ನೆಗಳು ಹಿಂದುಮುಂದಾದವು. ಹೋದ ವಾರ ಗೆದ್ದಿರೋ ಸೋತಿರೋ ಅಂತ ಮೊದಲು ಕೇಳಿದರೆ ಕ್ರೀಡಾಂಗಣದ ಹೆಸರು ಹೇಳಿದಳು! ಕೊನೆಯ ಗೋಲು ಯಾರದು ಅಂದರೆ "ಎರಡ್ನೇ ಅರ್ಧ" ಅಂದಳು. ಬಾಯಿಪಾಠ, ಹಾನುಸ್! ಎರಡನೇ ಅರ್ಧಕ್ಕೆ ಇಳಿಯುವ ಮೊದಲೇ ಉತ್ತರಗಳನ್ನು ಸಾಲಾಗಿ ಬಾಯಿಪಾಠ ಮಾಡಿಟ್ಟಿದ್ದಳು. ಆ ಕೊನೆಯ ಗೋಲು ಹೊಡೆದವಳು ಅವಳೇ, ಅದೂ ನೆನಪಿರಲಿಲ್ಲ.

ರೆಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದೆ. ತರಬೇತುದಾರ "ಅವರಪ್ಪ ಇದ್ದಿದ್ರೆ ಆಡೋಕೆ ಬಿಡ್ತಿದ್ರು" ಅಂತ ಇಡೀ ಊರಿಗೆ ಕೇಳುವ ಹಾಗೆ ಕೂಗಿದ. ಅವಳಿಲ್ಲದೆಯೂ ಗೆದ್ದರು, ಅದು ಬೇರೆ ಮಾತು. ಮೆದುಳಿಗೆ ಪೆಟ್ಟಾಗಿದೆ, ಶನಿವಾರದ ಫೈನಲ್ ಸುದ್ದಿಯೇ ಬೇಡ, ಇದರ ಮೇಲೆ ಇನ್ನೊಂದು ಬಿದ್ದರೆ ಜೀವಕ್ಕೇ ಅಪಾಯ ಅಂದರು ಡಾಕ್ಟರು. ಈಗ ಕತ್ತಲೆ ಕೋಣೆಯಲ್ಲಿ ಮಲಗಿ ನನ್ನನ್ನು ಶಪಿಸುತ್ತಿದ್ದಾಳೆ. ಫೋನ್ ಕಿತ್ತಿಟ್ಟಿದ್ದೇನೆ. ಗುರುವಾರ ಕೊಟ್ಟ ತಕ್ಷಣ ನಿನಗೇ ಮಾಡುತ್ತಾಳೆ. "ಅಪ್ಪ ಹೂಂ ಅಂತಾರೆ, ನೋಡ್ತಿರು" ಅಂತ ನನಗೇ ಸವಾಲು. ಬೇಡ ಅನ್ನು, ಹಾನುಸ್. ಪ್ರತಿ ಸಲವೂ ನಾನೇ ರಾಕ್ಷಸಿಯಾಗಿ ಸಾಕಾಗಿದೆ, ಈ ಒಂದು ಸಲ ನೀನು ಕೆಟ್ಟವನಾಗು.

ಅತ್ತೆ ನಿನ್ನನ್ನು ಹರಸಿದ್ದಾರೆ, ಅವರು ಹೆಣೆದ ಸ್ವೆಟರ್ ಹಾಕಿಕೋ.

ಸಿಟ್ಟಿನಲ್ಲೂ ನಿನ್ನವಳೇ,
ಸೋಲ್ರುನ್

ಇನ್ನೊಂದು ಮಾತು: ಅಡುಗೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಉತ್ತರಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡರೆ ಯಾರೂ ಹೊರಗೆ ಕೂರಿಸುವುದಿಲ್ಲ ಅಂತ ಹೇಳಿಕೊಟ್ಟಿದ್ದು ನೀನಂತೆ. "ಅಪ್ಪ ಹಡಗಲ್ಲಿ ಹಂಗೇ ಮಾಡಿದ್ರು" ಅಂತ ಈಗಷ್ಟೇ ಅಳುತ್ತಾ ಹೇಳಿದಳು. ಸೊಂಟದ ವಿಷಯ ಹಾಳಾಗಲಿ. ನಿನ್ನ ತಲೆಗೆ ಯಾವಾಗ ಪೆಟ್ಟು ಬಿತ್ತು?