ನೇರ ಕೂತವರಿಗೆ ಮಾತ್ರ

ಹಿರಿಮಗಳಿಗೆ ಅಮ್ಮನ ಆಶೀರ್ವಾದ.

ಟಿವಿ ಬಂತು. ಯಾವ ಕಡೆಯಿಂದ ನೋಡಿದರೂ ಬಣ್ಣ ಮಾಸದ ಪರದೆಯೇ ಇರಲಿ, ಮಲಗಿದಲ್ಲಿಂದಲೇ ಅಪ್ಪನಿಗೆ ಕಾಣಬೇಕು ಎಂದು ನೀನು ಬರೆದಿದ್ದೆ. ಅಂಗಡಿಯವನು ಅದನ್ನೂ ತೋರಿಸಿದ. ಪಕ್ಕದ ಇನ್ನೊಂದನ್ನು ನಾನು ಮುಟ್ಟಿದಾಗ, "ಅದು ಬೇಡಮ್ಮ, ನೇರ ಕೂತವರಿಗೆ ಮಾತ್ರ ಚೆನ್ನಾಗಿ ಕಾಣುತ್ತೆ. ಓರೆಯಿಂದ ನೋಡಿದ್ರೆ ಬರೀ ಬೂದು" ಎಂದ. ಅವನು ಬೇಡ ಎಂದದ್ದನ್ನೇ ಕಟ್ಟಿಸಿಕೊಂಡು ಬಂದೆ.

ಪರದೆಯ ಎದುರಿಗೆ ನನ್ನ ಕುರ್ಚಿ ಇದೆ. ನಿಮ್ಮಪ್ಪನ ಮಂಚ ಅಡುಗೆಮನೆ ಬಾಗಿಲ ಪಕ್ಕದಲ್ಲಿದೆ. ಲಕ್ವ ಹೊಡೆದ ಮೇಲೆ ಟಿವಿ ಬಿಟ್ಟರೆ ಅವರಿಗೆ ಹೊತ್ತು ಹೋಗುವುದಿಲ್ಲ. ಅದು ನನಗೂ ಗೊತ್ತು.

ಆ ಬಾಗಿಲು ನಿನಗೆ ನೆನಪಿರಬೇಕು. ಇಪ್ಪತ್ತೆಂಟು ವರ್ಷ ನಾನು ಅಲ್ಲೇ ನಿಂತು ಟಿವಿ ನೋಡಿದ್ದೇನೆ. ಹಳೆಯ ಟಿವಿಯನ್ನು ಅವರು ತಮ್ಮ ಕುರ್ಚಿಯ ಕಡೆಗೇ ತಿರುಗಿಸಿ ಇಟ್ಟುಕೊಂಡಿದ್ದರು. ಸ್ವಲ್ಪ ಈಚೆಗೆ ತಿರುಗಿಸಿ ಎಂದರೆ, "ಶಬ್ದ ಕೇಳುತ್ತಲ್ಲ, ಸಾಕು ಬಿಡೇ" ಎನ್ನುತ್ತಿದ್ದರು.

ನಿನ್ನೆ ಅವರು, "ಏನೇ ಇದು, ಯಾರ ಮುಖಾನೂ ತಿಳೀತಿಲ್ಲ. ಮಂಚ ಒಂಚೂರು ಆ ಕಡೆ ಎಳೆಸೇ" ಎಂದು ಗೋಗರೆದರು.

"ಶಬ್ದ ಕೇಳುತ್ತಲ್ಲ, ಸಾಕು ಬಿಡಿ" ಎಂದೆ.

ಬೆಳಿಗ್ಗೆಯಿಂದ ಶಬ್ದವನ್ನೂ ತೆಗೆದಿದ್ದೇನೆ. ಎದುರಿಗೆ ಕೂತವಳಿಗೆ ಶಬ್ದ ಬೇಕಿಲ್ಲ.

ನೀನು ಬಂದಾಗ ಆ ಮಂಚಕ್ಕೆ ಕೈ ಹಚ್ಚಬೇಡ. ನನ್ನ ಬೆನ್ನಿಗೆ ಒಂದು ಒಳ್ಳೆಯ ದಿಂಬು ತಾ. ಇನ್ನು ಮೇಲೆ ತುಂಬ ಹೊತ್ತು ಕೂರುವವಳಿದ್ದೇನೆ.

ನಿನ್ನ ಅಮ್ಮ