ಅಂಗೈ ಅಗಲದ ತೊಗಲು

ಚನ್ನಗಿರಿ
೧೭-೩-೨೦೨೫, ಸೋಮವಾರ

ಮಾವನವರಿಗೆ ಸಂಧ್ಯಾರಾಣಿ ಮಾಡುವ ನಮಸ್ಕಾರಗಳು.

ಕಾಲು ಹೇಗಿದೆ ಮಾವಾ? ಪಟ್ಟಿ ಬಿಚ್ಚಿದ ಮೇಲೆ ಕೋಲು ಹಿಡಿದು ಬೀದಿಯ ತನಕ ಹೋಗಿಬರುತ್ತೀರಿ ಎಂದು ನೇತ್ರಕ್ಕ ಹೇಳಿದರು. ಜಗಳೂರಿನ ಬಿಸಿಲು ಈಗಲೇ ಜೋರಾಗಿರುತ್ತದೆ, ಹನ್ನೊಂದರ ಮೇಲೆ ಹೊರಗೆ ಹೋಗಬೇಡಿ. ಮಗಳ ಮನೆ ಎಂದು ಸಂಕೋಚಪಟ್ಟು ಎರಡನೇ ಸಲ ಚಹಾ ಕೇಳದೆ ಕೂರಬೇಡಿ. ಇಲ್ಲಿ ಇವರೂ ನಾನೂ ಚೆನ್ನಾಗಿದ್ದೇವೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಿಮಗೆ ಅನಿಸಬಹುದು. ಫೋನ್ ಇವರ ಕೈಯಲ್ಲಿರುತ್ತದೆ, ಮಾತು ಮನೆಗೆಲ್ಲ ಕೇಳುವ ಹಾಗೆ ಸ್ಪೀಕರ್ ಹಾಕಿರುತ್ತಾರೆ. ಮದುವೆಯಾಗಿ ಆರು ವರ್ಷವಾದರೂ ನಾನು ನಿಮ್ಮೆದುರು ನಿಂತು ನಾಲ್ಕು ಮಾತು ಆಡಿದವಳಲ್ಲ, ಬಾಗಿಲ ಹಿಂದಿನಿಂದ ಹ್ಞೂಂ, ಉಹ್ಞೂಂ ಎಂದಷ್ಟೇ. ಐದನೇ ಕ್ಲಾಸಿಗೆ ಉಬ್ರಾಣಿ ಶಾಲೆ ಬಿಟ್ಟವಳ ಕೈಗೆ ಮತ್ತೆ ಪೆನ್ನು ಕೊಟ್ಟವರು ನೀವು. ಅತ್ತೆ ಹೋದ ಮೇಲೆ ಅವರು ಹಾಡುತ್ತಿದ್ದ ಪದಗಳು ಮರೆಯಬಾರದೆಂದು ನೀವು ಪಡಸಾಲೆಯಲ್ಲಿ ಕೂತು ಹೇಳುತ್ತಿದ್ದಿರಿ, ನಾನು ಅಡುಗೆಮನೆ ಹೊಸ್ತಿಲ ಒಳಗೆ ಕೂತು ಬರೆಯುತ್ತಿದ್ದೆ. ಎರಡು ನೋಟುಬುಕ್ಕು ತುಂಬಿದವು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಇದನ್ನು ನೇತ್ರಕ್ಕನ ಕೈಗೆ ಕೊಟ್ಟು ಓದಿಸಬೇಡಿ. ಕನ್ನಡಕ ಹಾಕಿಕೊಂಡು ನೀವೇ ಓದಿ.

ನೀವಿಲ್ಲದಿದ್ದರೂ ಎರಡನೇ ಭಾನುವಾರದ ಹಾಡಿನ ಕೂಟ ನಿಲ್ಲಬಾರದು ಎಂದು ಹೇಳಿ ಹೋಗಿದ್ದಿರಿ. ನಿಲ್ಲಿಸಲಿಲ್ಲ. ಈ ತಿಂಗಳಂತೂ ಪಡಸಾಲೆ ಸಾಲದೆ ಮೆಟ್ಟಿಲ ಮೇಲೂ ಜನ ಕೂತಿದ್ದರು. ನ್ಯಾಮತಿಯಿಂದ ಭಜನೆಯವರು, ಹೊನ್ನಾಳಿಯಿಂದ ಹಾಡುವ ಕಲ್ಲಮ್ಮ, ಜೊತೆಗೆ ಕಾಲೇಜಿನ ಪ್ರಸನ್ನಕುಮಾರ್ ಮೇಷ್ಟ್ರು ಕರೆದುಕೊಂಡು ಬಂದ ಐರ್ಲೆಂಡ್ ದೇಶದ ಅಣ್ಣ ತಂಗಿ. ಕಲ್ಲಮ್ಮ ಬಂದವರೇ ಅಡುಗೆಮನೆಗೆ ತಲೆ ಹಾಕಿ, "ಏನೇ ಸಂಧ್ಯಾ, ಗಿಡ್ಡಪ್ಪಣ್ಣ ಊರಾಗಿಲ್ಲ ಅಂತ ಮಂಡಕ್ಕಿಗೆ ಖಾರ ಕಡಿಮೆ ಮಾಡೀಯಲ್ಲೇ, ಬಿಳಿ ಮಂದಿ ಮಾರಿ ಕೆಂಪಾದ್ರೆ ಆಗ್ಲಿ ಬಿಡು!" ಎಂದರು. ಎದುರು ಅಂಗಡಿಯ ಪಂಕ್ಚರ್ ನವಾಜ್ ರೋಜಾ ಇದ್ದರೂ ಬಂದು ಮೂಲೆಯಲ್ಲಿ ಕೂತಿದ್ದ. ಅವನ ಪಾಲಿನ ಮಂಡಕ್ಕಿಯನ್ನು ಪೊಟ್ಟಣ ಕಟ್ಟಿಕೊಟ್ಟೆ.

ಅಣ್ಣನ ಕೈಯಲ್ಲಿ ಪಿಟೀಲು. ತಂಗಿಯ ಹೆಸರು ಮೇವ್. ಅವಳ ವಾದ್ಯ ಕಂಡಾಗ ನನಗೆ ನೀವೇ ನೆನಪಾದಿರಿ. ಅದೂ ತಿತ್ತಿಯೇ ಮಾವಾ. ನಿಮ್ಮದರ ಹಾಗೆ ತೊಗಲಿನ ಚೀಲ, ಅದಕ್ಕೆ ಕೊಳವೆಗಳು. ಆದರೆ ಬಾಯಿಂದ ಊದುವುದಿಲ್ಲ. ಒಂದು ಮೊಣಕೈ ಕೆಳಗೆ ಕಮ್ಮಾರರ ತಿದಿಯಂಥದ್ದು, ಇನ್ನೊಂದರ ಕೆಳಗೆ ಚೀಲ. ಅವಳು ತೋಳು ಅದುಮಿದಳು. ಸ್ವರ ಬರಲಿಲ್ಲ, ಫುಸ್ ಎಂದಿತು. ಮಕ್ಕಳು ನಕ್ಕವು. ಮತ್ತೆ ಅದುಮಿದಳು, ಮತ್ತೆ ಫುಸ್. ಪ್ರಯಾಣದಲ್ಲಿ ಪೆಟ್ಟಿಗೆ ಬಿಸಿಲಿಗೆ ಕಾದು ಚೀಲ ಹೊಲಿಗೆಯ ಪಕ್ಕದಲ್ಲೇ ಹರಿದಿತ್ತು. "ಅಯ್ಯೋ, ಕೂಸಿನ ಉಸಿರೇ ಹೋತಲ್ಲಪ್ಪಾ" ಎಂದರು ಕಲ್ಲಮ್ಮ. ಮೇವ್ ತಲೆ ಎತ್ತಲಿಲ್ಲ. ಅಷ್ಟು ದೂರದಿಂದ ಬಂದ ಹುಡುಗಿ ನಮ್ಮ ಮನೆಯ ಚಾಪೆಯ ಮೇಲೆ ಕೂತು ಅಳುವುದರಲ್ಲಿದ್ದಳು.

ಆಗ ಮೇಷ್ಟ್ರು, "ಸಂಧ್ಯಮ್ಮಾರೇ, ನಿಮಗೆ ಹೊಲಿಗೆ ಬರ್ತದಲ್ಲ, ಏನಾರ ಮಾಡಾಕೆ ಆಗ್ತದೇನ್ರೀ?" ಎಂದು ಕೂಗಿ ಕೇಳಿದರು. ಅಷ್ಟೂ ಜನ ಅಡುಗೆಮನೆ ಕಡೆ ತಿರುಗಿದರು. ನನ್ನ ಕಡೆ ಅಷ್ಟು ಜನ ತಿರುಗಿದ್ದು ಮದುವೆ ಮಂಟಪದಲ್ಲಿ ಬಿಟ್ಟರೆ ಅವತ್ತೇ. ಇವರು ನೀರಿನ ಕ್ಯಾನ್ ತರಲು ಹೋಗಿದ್ದರು. "ಚೂರು ತೊಗಲು ಬೇಕು" ಎಂದೆ. "ಭಾನುವಾರ ತೊಗಲು ಎಲ್ಲಿಂದ ತರಾದು?" ಎಂದರು ಮೇಷ್ಟ್ರು. ನಾನು ಒಳಗೆ ಹೋದೆ. ನಡುಮನೆಯ ಗೂಟದಿಂದ ನಿಮ್ಮ ತಿತ್ತಿ ಇಳಿಸಿದೆ. ಬ್ಲೌಸ್ ಕತ್ತರಿಸುವ ಕತ್ತರಿಯಿಂದ ಅಂಗೈ ಅಗಲದ ತುಂಡು ಕತ್ತರಿಸಿದೆ.

ಬರೆದುಬಿಟ್ಟೆ ಮಾವಾ. ಮೂರು ಸಲ ಈ ಸಾಲಿನ ತನಕ ಬಂದು ಕಾಗದ ಹರಿದಿದ್ದೇನೆ.

ಉಳಿದ ತಿತ್ತಿಗೆ ಸೀರೆ ಸುತ್ತಿ ಟ್ರಂಕಿನಲ್ಲಿಟ್ಟೆ. ಹೊರಗೆ ಬಂದು ದಪ್ಪ ಸೂಜಿಗೆ ಮೇಣ ತಿಕ್ಕಿದ ಜೋಡಿ ದಾರ ಪೋಣಿಸಿ ತೇಪೆ ಹೊಲಿದೆ, ಅಂಚಿಗೆ ಮೇಣದಬತ್ತಿ ಕರಗಿಸಿ ಹಚ್ಚಿದೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಮೇವ್ ಅದುಮಿದಳು. ಸ್ವರ ಬಂತು. ಜನ ಚಪ್ಪಾಳೆ ಹೊಡೆದರು, ಅವಳ ಅಣ್ಣ ಎದ್ದು ನಿಂತು ನನಗೆ ಕೈ ಮುಗಿದ. ಇಂಥ ಒಳ್ಳೆಯ ತೊಗಲು ಯಾರದ್ದು ಎಂದು ಅವಳು ಮೇಷ್ಟ್ರ ಬಾಯಲ್ಲಿ ಕೇಳಿಸಿದಳು. "ಯಾವುದೋ ಹಳೇ ಚೀಲದ್ದು" ಎಂದೆ. ಆ ಗಳಿಗೆಯಲ್ಲಿ ನನಗೆ ನಾಚಿಕೆ ಆಗಲಿಲ್ಲ ಮಾವಾ, ಸುಖವಾಯಿತು. ಈಗ ನಾಚಿಕೆಯಾಗುವುದು ಅದಕ್ಕೇ.

ಆಮೇಲೆ ಅವಳು ನಿಧಾನದ ಒಂದು ರಾಗ ನುಡಿಸಿದಳು. ತಮ್ಮ ಕಡೆ ಮನೆಯವರನ್ನು ಕಳೆದುಕೊಂಡವರಿಗಾಗಿ ನುಡಿಸುವುದಂತೆ. ಮೇಲೆ ರಾಗ ಎಲ್ಲೆಲ್ಲೋ ಹೋಗಿ ಬರುತ್ತಿತ್ತು, ಕೆಳಗೆ ಒಂದೇ ಸ್ವರ ಅಲುಗಾಡದೆ ನಿಂತಿತ್ತು. ಅತ್ತೆ ಹಾಡುವಾಗ ನೀವು ಹಿಡಿಯುತ್ತಿದ್ದ ಶ್ರುತಿಯ ಹಾಗೆ. ಹಳೆಯ ಮಂದಿ ನೀವು ಒರಗಿ ಕೂರುವ ಕಂಬದ ಕಡೆ ನೋಡಿದರು. ಕಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಸಾವಂತ್ರಿ ಇದ್ದಿದ್ರೆ ಈ ಶ್ರುತಿಗೆ ಪದ ಎತ್ತೇಬಿಡ್ತಿದ್ಲು" ಎಂದರು. ನಾನು ಅಡುಗೆಮನೆಗೆ ಹೋಗಿ, ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಮರುದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದಾಗ ನವಾಜ್ ಅಂಗಡಿಯ ಶಟರ್ ಎತ್ತುತ್ತಾ, "ಅಕ್ಕಾ, ತೊಗಲು ಯಾಕೆ ಹುಡುಕಿದ್ರಿ? ನನ್ನ ಕೇಳಿದ್ರೆ ಟ್ಯೂಬಿನ ಪಟ್ಟಿ ಅಂಟಿಸ್ತಿದ್ದೆ. ಐದು ನಿಮಿಷದ ಕೆಲ್ಸ. ನೀವು ಹೊಲಿಯೋದು ನೋಡಿ ನನ್ನ ಬಾಯೇ ಕಟ್ಟೋತು" ಎಂದ. ನಾನು ಬಿಂದಿಗೆ ಅಲ್ಲೇ ಬಿಟ್ಟು ಒಳಗೆ ಬಂದೆ.

ಗುರುವಾರ ನೀವು ಫೋನ್ ಮಾಡಿದಾಗ ಇವರು ಎಲ್ಲವನ್ನೂ ಹೊಗಳಿ ಹೇಳಿದರು. ಇವರಿಗೂ ಅದು ಹಳೆಯ ಚೀಲವೇ. "ಸೊಸಿ ಮನಿ ಮರ್ಯಾದೆ ಉಳಿಸಿದ್ಲು ಬಿಡಪ್ಪಾ" ಎಂದಿರಿ. ಅದನ್ನಾದರೂ ತಡೆದುಕೊಳ್ಳುತ್ತಿದ್ದೆ. ಆಮೇಲೆ, "ಆ ಹುಡುಗಿ ಸಮುದ್ರ ದಾಟಿ ತಿತ್ತಿ ಹೊತ್ಕೊಂಡು ಬಂದಾಳೆ ಅಂದ್ರೆ ನಾನ್ಯಾಕೆ ಮೂಲಿ ಹಿಡ್ದು ಕುಂದ್ರಲಿ? ಉಗಾದಿಗೆ ಬರ್ತೀನಿ. ಮುಂದಿನ ಕೂಟದಾಗೆ ನಾನೇ ಊದ್ತೀನಿ. ತಿತ್ತಿ ಇಳಿಸಿ ಇಡಾಕೆ ಹೇಳು ಸಂಧ್ಯಾಗೆ" ಎಂದಿರಿ. ಅತ್ತೆ ಹೋದ ಮೂರು ವರ್ಷದಲ್ಲಿ ಒಂದು ಸಲವೂ ಅದನ್ನು ತೋಳಿಗೆ ಏರಿಸದವರು ಹಾಗೆಂದಿರಿ. ಇವರು ಫೋನ್ ಇಟ್ಟು ಹುಡುಗನ ಹಾಗೆ ನಕ್ಕರು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಹೇಳಬೇಕಿತ್ತು.

ನೀವು ಬಂದು, ಕೈ ಎತ್ತಿ, ಗೂಟ ಬರಿದಾಗಿರುವುದನ್ನು ನೋಡುವುದಕ್ಕಿಂತ ಮುಂಚೆ ಈ ಕಾಗದ ತಲುಪಲಿ ಎಂದು ಬರೆದಿದ್ದೇನೆ. ಮೇವ್ ಈಗ ಯಾವ ಊರಿನಲ್ಲಿದ್ದಾಳೋ, ಅತ್ತೆಗೆ ಶ್ರುತಿ ಹಿಡಿದ ತೊಗಲು ಅವಳ ತೋಳಿನ ಕೆಳಗಿದೆ. ಅದು ಯಾರದ್ದು ಎಂದು ಅವಳಿಗೆ ಬರೆದು ತಿಳಿಸಿ ಎಂದು ಮೇಷ್ಟ್ರನ್ನು ಕೇಳುತ್ತೇನೆ. ಮೊದಲು ನಿಮಗೆ, ಆಮೇಲೆ ಇವರಿಗೆ, ಆಮೇಲೆ ಅವಳಿಗೆ. ಕ್ಷಮಿಸಿ ಎಂದು ಕೇಳಲು ಕೈ ಓಡುತ್ತಿಲ್ಲ. ನೀವು ಬಂದಾಗ ಬಾಗಿಲ ಹಿಂದೆ ನಿಲ್ಲುವುದಿಲ್ಲ. ಪಡಸಾಲೆಯಲ್ಲಿ ಎದುರು ನಿಂತು ಬೈಸಿಕೊಳ್ಳುತ್ತೇನೆ.

ನೇತ್ರಕ್ಕನಿಗೆ ನನ್ನ ನೆನಪು ಹೇಳಿ. ಇಳಿಯುವಾಗ ಬಸ್ಸಿನ ಮೆಟ್ಟಿಲು ಜೋಪಾನ.

ನಿಮ್ಮ ಸೊಸೆ
ಸಂಧ್ಯಾರಾಣಿ

ಮಡಚುವ ಮುಂಚೆ ಇನ್ನೊಂದು. ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿಯಲ್ಲ. ಅಮಾವಾಸ್ಯೆಗೊಮ್ಮೆ ತಿತ್ತಿಗೆ ಹರಳೆಣ್ಣೆ ತಿಕ್ಕು ಎಂದು ನನಗೊಬ್ಬಳಿಗೇ ಹೇಳಿ ಹೋಗಿದ್ದಿರಿ. ಎಳ್ಳಮಾವಾಸ್ಯೆಗೆ ತಿಕ್ಕಿದೆ. ಆಮೇಲಿನ ಎರಡಕ್ಕೂ ತಿಕ್ಕಲಿಲ್ಲ. ಮದುವೆ ಬ್ಲೌಸುಗಳು ಬಂದಿದ್ದವು, ಎಣ್ಣೆಕೈ ತಾಗಿ ರೇಷ್ಮೆಗೆ ಕಲೆಯಾದೀತೆಂದು ನಾಳೆ ನಾಳೆ ಎಂದೆ. ನೀವು ಫೋನಿನಲ್ಲಿ ಕೇಳಿದಾಗ ಹ್ಞೂಂ ಎಂದೆ. ಕೂಟಕ್ಕೆ ನಾಲ್ಕು ದಿನ ಮುಂಚೆ ನೋಡಿದರೆ ತಿತ್ತಿಯ ಕೊರಳು ಒಣಗಿ ಬಿರಿದಿತ್ತು. ಅವತ್ತಿನಿಂದ ನಿಮಗೆ ಏನು ಹೇಳಲಿ ಎಂಬುದೇ ತಲೆಯಲ್ಲಿತ್ತು. ಮೇವ್‌ಳ ಚೀಲ ಹರಿದದ್ದು ಕಂಡಾಗ, ಅತಿಥಿಗಾಗಿ ಕತ್ತರಿಸಿದೆ ಎಂದರೆ ಬಿರುಕಿನ ಸುದ್ದಿ ಯಾರೂ ಕೇಳುವುದಿಲ್ಲ ಎನಿಸಿತು. ಬಿರಿದ ಕಡೆಯ ತೊಗಲು ತೇಪೆಗೆ ಬರುವುದಿಲ್ಲವಲ್ಲ, ಗಟ್ಟಿ ಇದ್ದ ಕಡೆಯೇ ಕತ್ತರಿಸಿದೆ. ನಿನ್ನೆ ಟ್ರಂಕಿನಿಂದ ತೆಗೆದು ಉಳಿದದ್ದಕ್ಕೆಲ್ಲ ಎಣ್ಣೆ ತಿಕ್ಕಿದೆ. ಎರಡು ಬಟ್ಟಲು ಕುಡಿಯಿತು. ಇವತ್ತೂ ತಿಕ್ಕಿ, ಕೈ ತೊಳೆಯದೆ ಬರೆಯಲು ಕೂತೆ. ಈ ಹಾಳೆಯ ಮೂಲೆಯಲ್ಲಿರುವ ಕಲೆ ಅದರದ್ದೇ.