ಮೂರನೆಯ ಬಾವಿಯ ಹೆಸರು

ರೆಹೋವೋತ್
ತಿಶ್ರೇ ತಿಂಗಳ ಏಳನೆಯ ದಿನ

ಪ್ರೀತಿಯ ತಂಗಿ ಹೆಮ್ದಾಗೆ,

ಬಾವಿಗಳ ಕಥೆ ಮುಗಿಸುವಾಗ ಅಪ್ಪ ಒಂದು ಸಾಲು ಹೇಳುತ್ತಿದ್ದರಲ್ಲ, ಅದು ‘ನಮಗೆ ಜಾಗ ಸಿಕ್ಕಿತು’ ಅಂತಲೋ, ‘ನಮಗೆ ಜಾಗ ಮಾಡಿಕೊಟ್ಟರು’ ಅಂತಲೋ? ಮೂರು ದಿನದಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಧರ್ಮಗ್ರಂಥ ತೆಗೆದರೆ ಗೊತ್ತಾಗುತ್ತದೆ, ತೆಗೆದಿಲ್ಲ. ಜಾಗ ತಾನಾಗಿ ಸಿಗುತ್ತದೆಯೇ, ಯಾರಾದರೂ ಕೊಡಬೇಕೇ ಅನ್ನುವುದನ್ನು ನಾನೇ ಯೋಚಿಸಬೇಕು ಅನ್ನಿಸಿತು.

ಕಥೆ ನಿನಗೂ ಗೊತ್ತು. ಇಸಾಕನ ಆಳುಗಳು ಬಾವಿ ತೋಡಿದರು, ನೀರು ಬಂತು, ಅಲ್ಲಿಯ ದನಗಾಹಿಗಳು ಇದು ನಮ್ಮದು ಎಂದು ಬಂದರು. ಅವನು ಆ ಬಾವಿಗೆ ‘ಜಗಳ’ ಎಂದೇ ಹೆಸರಿಟ್ಟು ಮುಂದೆ ಹೋದ. ಎರಡನೆಯದಕ್ಕೂ ಹಾಗೇ ಆಯಿತು. ಅದರ ಹೆಸರು ‘ಹಗೆ’. ಮೂರನೆಯದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಅದು ರೆಹೋವೋತ್, ವಿಶಾಲವಾದ ಜಾಗ. ಆ ಬಾವಿ ನೀನೀಗ ಇರುವ ಯೆರುಹಾಮ್ ಊರಿನ ಪಶ್ಚಿಮಕ್ಕೆ ಮರಳಿನಲ್ಲಿ ಎಲ್ಲೋ ಇತ್ತು ಅನ್ನುತ್ತಾರೆ. ನಮ್ಮ ಊರು ಕಟ್ಟಿದವರು ಹೆಸರನ್ನಷ್ಟೇ ತಂದುಕೊಂಡರು.

ಇಪ್ಪತ್ತು ವರ್ಷದಿಂದ ಇದನ್ನು ಪಾಠ ಮಾಡುತ್ತಿದ್ದೇನೆ. ಮೊನ್ನೆ ತರಗತಿಯಲ್ಲಿ ಒಬ್ಬಳು, ಮೂರನೆಯ ಬಾವಿ ಉಳಿದೆರಡಕ್ಕಿಂತ ದೊಡ್ಡದಿತ್ತಾ ಎಂದು ಕೇಳಿದಳು. ಬಾವಿಯ ಅಳತೆ ಕಥೆಯಲ್ಲಿ ಎಲ್ಲೂ ಇಲ್ಲ. ಜಗಳ ನಿಂತಿತು, ಅಷ್ಟಕ್ಕೇ ಅವನಿಗೆ ಭೂಮಿ ಅಗಲವಾಗಿ ಕಂಡಿತು. ಹಾಗೆ ಹೇಳುತ್ತಿದ್ದಂತೆ ನನಗೆ ನಿನ್ನ ದನಿ ಕೇಳಿಸಿತು.

ಎರಡೂವರೆ ವರ್ಷದ ಹಿಂದೆ ನೀನು ಗಂಡನ ಮನೆ ಬಿಟ್ಟ ದಿನ ಫೋನ್ ಮಾಡಿ, ಮಗಳನ್ನು ಕರೆದುಕೊಂಡು ಎರಡು ವಾರ ಬಂದಿರಲೇ ಅಕ್ಕ ಎಂದು ಕೇಳಿದೆ. ಅಪ್ಪನ ಕೋಣೆ ತುಂಬ ಪುಸ್ತಕ, ಜಾಗ ಇಲ್ಲ ಕಣೇ ಅಂದೆ. ನೀನು, “ಹಾಗಾದ್ರೆ ನಿಮ್ಮೂರಿನ ಹೆಸರು ಬದಲಾಯ್ಸಿ ಅಕ್ಕ” ಅಂದೆ. ಆಮೇಲೆ ನಾವು ಮಾತಾಡಿಲ್ಲ.

ಪ್ರಾಯಶ್ಚಿತ್ತದ ಉಪವಾಸಕ್ಕೆ ಮುಂಚೆ ನೊಂದವರನ್ನು ನೋಯಿಸಿದವರೇ ಹೋಗಿ ಕ್ಷಮೆ ಕೇಳಬೇಕು. ದೇವರು ನಮ್ಮ ಪರವಾಗಿ ಕೇಳುವುದಿಲ್ಲ. ಮೊದಲ ವರ್ಷ ನಾನೂ ಎಲ್ಲರಂತೆ ಫೋನಿನಲ್ಲಿ ನೂರಾ ಹನ್ನೆರಡು ಜನಕ್ಕೆ ಒಂದೇ ಸಂದೇಶ ಕಳಿಸಿದೆ: ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ. ಅದರಲ್ಲಿ ದಂತವೈದ್ಯರೂ ಇದ್ದರು, ನೀನೂ ಇದ್ದೆ. ದಂತವೈದ್ಯರು ಉತ್ತರಿಸಿದರು. ಹೋದ ವರ್ಷವೂ ಅದೇ ಸಂದೇಶ, ಒಂದು ದಾಳಿಂಬೆಯ ಚಿತ್ರ ಹೆಚ್ಚಿಗೆ. ಮೂರು ಸಲ ಕೇಳಿದರೆ ಕೇಳಿದವರ ಹೊಣೆ ತೀರಿತು ಅನ್ನುತ್ತಾರಲ್ಲ, ಈ ಸಲವೂ ಕಳಿಸಿ ಕೈತೊಳೆದುಕೊಳ್ಳುವವಳಿದ್ದೆ. ಆ ಪಾಠದ ನಂತರ ಆಗಲಿಲ್ಲ.

ನಿನ್ನ ಹೊಸ ಮನೆಯ ವಿಳಾಸವೂ ನನ್ನ ಹತ್ತಿರ ಇರಲಿಲ್ಲ. ನಿನ್ನೆ ಎದುರುಮನೆಯ ಬದ್ರಾ ಚಿಕ್ಕಮ್ಮನನ್ನು ಕೇಳಲು ಹೋದೆ. ಅವರು ಶಬ್ಬಾತ್ ದಿನದ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು. “ವಿಳಾಸ ಗೊತ್ತಿಲ್ದೆ ಎರಡು ವರ್ಷ ಕ್ಷಮೆ ಕೇಳಿದ್ಯಾ? ಯಾರನ್ನ ಕೇಳ್ದೆ, ಫೋನನ್ನಾ?” ಅಂದರು. ಈ ಸಲ ತಪ್ಪೇನೆಂದು ಹೆಸರು ಹಿಡಿದು ಬರೆಯುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಚೀಟಿ ಕೊಟ್ಟಿದ್ದು.

ಹೆಸರು ಹಿಡಿದು ಬರೆಯುತ್ತಿದ್ದೇನೆ. ನೀನು ಬೀದಿಯಲ್ಲಿ ನಿಂತು ಫೋನ್ ಮಾಡಿದಾಗ ನಾನು ಮನೆಯ ಬಾಗಿಲು ತೆಗೆಯಲಿಲ್ಲ. ಅದು ತಪ್ಪು, ಹೆಮ್ದಾ. ಕ್ಷಮಿಸು ಎಂದು ನಿನ್ನೊಬ್ಬಳನ್ನೇ ಕೇಳುತ್ತಿದ್ದೇನೆ. ಒಲ್ಲೆ ಅಂದರೂ ಅರ್ಥವಾಗುತ್ತದೆ.

ಈ ಹೊಸ ವರ್ಷ ನಿನಗೂ ಮಗಳಿಗೂ ಹಗುರವಾಗಿರಲಿ.

ನಿನ್ನ ಅಕ್ಕ,
ಓಸ್ನತ್

ಮರೆತದ್ದು: ಸಹಿ ಮಾಡಿ ಮತ್ತೆ ಓದಿದೆ. ಇನ್ನೂ ಬಚ್ಚಿಟ್ಟಿದ್ದೇನೆ. ಅಪ್ಪನ ಕೋಣೆಯಲ್ಲಿ ಪುಸ್ತಕಗಳಿರಲಿಲ್ಲ. ಹಿಂದಿನ ವಾರವೇ ಎಲ್ಲವನ್ನೂ ಗ್ರಂಥಾಲಯಕ್ಕೆ ಕೊಟ್ಟಿದ್ದೆ. ನೀನು ಫೋನ್ ಮಾಡಿದಾಗ ಆ ಖಾಲಿ ಕೋಣೆಯಲ್ಲೇ ಕೂತಿದ್ದೆ. ಕೊನೆಗೂ ನನ್ನದೇ ಒಂದು ಕೋಣೆ, ಬಾಗಿಲು ಹಾಕಿಕೊಂಡು ಓದಬಹುದು ಎಂದು ಖುಷಿಪಡುತ್ತಿದ್ದೆ. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಇಷ್ಟೇ ನಿಜ. ಬರೆದ ಮೇಲೆ ಸರಾಗ ಉಸಿರಾಡುತ್ತಿದ್ದೇನೆ.

ಲಕೋಟೆ ಅಂಟಿಸುವ ಮುಂಚೆ ಬಾಗಿಲು ಬಡಿದ ಸದ್ದಾಯಿತು, ಹೋಗಿ ಬಂದು ಇದನ್ನೂ ಸೇರಿಸುತ್ತಿದ್ದೇನೆ. ಅಂಚೆಗೆ ಹಾಕುವುದಿಲ್ಲ, ನಿನ್ನ ಕೈಗೇ ಕೊಡುತ್ತೇನೆ. ಬದ್ರಾ ಚಿಕ್ಕಮ್ಮ ಮಡಿಸಿದ ಮಂಚವೊಂದನ್ನು ಗೋಡೆಗೆ ಒರಗಿಸಿಕೊಂಡು ನಿಂತಿದ್ದರು. “ಹೆಮ್ದಾಗೆ ಫೋನ್ ಮಾಡ್ಬಿಟ್ಟೆ, ಬೈಕೋ ಹೋಗು. ತಪ್ಪೇನು ಅಂತ ಬರೀತಿದಾಳಾ ಅಂತ ಕೇಳಿದ್ಲು. ಬರೀತಿದಾಳೆ ಅಂದೆ. ನಾಳಿದ್ದು ಇಲ್ಲೇ ಬಂದು ಓದ್ತಾಳಂತೆ, ಮಗೂನೂ ಬರತ್ತೆ. ಏನು ನೋಡ್ತಾ ನಿಂತೆ, ಆ ಕಡೆ ಹಿಡ್ಕೋ.”